ಮಳೆ ಹಿಡಿದ ದಿನ ಎತ್ತುಗಳಿಗೇನು ಕೆಲಸ?

ಪ್ರಶ್ನೆ: ನಮ್ಮದು ಎರಡು ಎಕರೆ ಕೆಮ್ಮಣ್ಣಿನ ಹೊಲ. ಈ ಯುಗಾದಿಗೆ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಕೊಂಡು ಹೊನ್ನೇರು, ಅಂದರೆ ವರ್ಷದ ಮೊದಲ ಉಳುಮೆ, ಕಟ್ಟಿದೆವು. ಭರಣಿ ಮಳೆ ಶುರುವಾದ ಮೇಲೆ ಉಳುಮೆ ನಿಂತಿದೆ. ಎತ್ತುಗಳು ಕೊಟ್ಟಿಗೆಯಲ್ಲಿ, ನಾನು ಜಗಲಿಯಲ್ಲಿ. ಈ ದಿನಗಳಲ್ಲಿ ಏನು ಮಾಡಬೇಕು?
– ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ಹೊಸದಾಗಿ ಜೋಡಿ ಕಟ್ಟಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಮಳೆ ನಿಂತ ಕೂಡಲೇ ಆತುರಪಟ್ಟು ಏರು ಹೂಡಬೇಡಿ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಪುಡಿಯಾದರೆ ಹದ ಬಂದಿದೆ, ಅಪ್ಪಚ್ಚಿಯಾದರೆ ಇನ್ನೂ ಕಾಯಬೇಕು. ಹಸಿ ಮಣ್ಣನ್ನು ಉತ್ತರೆ ಏಳುವ ಹೆಂಟೆ ಒಣಗಿ ಗಟ್ಟಿಯಾಗುತ್ತದೆ. ಎಳ್ಳಿನಂಥ ಸಣ್ಣ ಬೀಜಕ್ಕೆ ಅದರಡಿಯಿಂದ ತಲೆಯೆತ್ತುವ ಶಕ್ತಿಯಿಲ್ಲ.

ಕೊಟ್ಟಿಗೆಯಲ್ಲೇ ಬೇಕಾದಷ್ಟು ಕೆಲಸವಿದೆ. ಎತ್ತುಗಳ ಹೆಗಲನ್ನು ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಬಾವು ಕೈಗೆ ಬಿಸಿಯಾಗಿ ತಾಗುತ್ತದೆ. ತಾಗಿದರೆ, ಎಷ್ಟೇ ಒಳ್ಳೆಯ ಹದವಿದ್ದರೂ ಅದು ಇಳಿಯುವವರೆಗೆ ನೊಗ ಹೊರಿಸಬಾರದು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಬಿತ್ತನೆ ತಡವಾದರೆ ಆಗಲಿ, ನೊಂದ ಹೆಗಲಿಗೆ ನೊಗ ಬೇಡ. ನೊಗವನ್ನೂ ಕೆಳಗಿಳಿಸಿ ಪರೀಕ್ಷಿಸಿ. ಹೆಗಲಿಗೆ ತಾಗುವ ಕಡೆ ಸಿಬಿರು ಎದ್ದಿದ್ದರೆ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಹರಳೆಣ್ಣೆ ಸವರಿ. ಕೊರಳಪಟ್ಟಿ ಚರ್ಮದ್ದಾಗಿದ್ದರೆ ಅದಕ್ಕೂ ಎಣ್ಣೆ ಬೇಕು. ಸವೆದ ಹಗ್ಗಗಳನ್ನು ತೆಗೆದು ಕತ್ತಾಳೆ ನಾರಿನಲ್ಲಿ ಹೊಸದು ಹೊಸೆಯಿರಿ. ಒಬ್ಬರು ತಿರುವಬೇಕು, ಒಬ್ಬರು ನಾರು ಕೊಡುತ್ತಿರಬೇಕು. ರಜೆಯಲ್ಲಿ ಮನೆಯಲ್ಲಿರುವ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಇಂಥ ಕೆಲಸ ನೋಡಿಯೇ ಕಲಿಯಬೇಕು. ನೇಗಿಲ ತುದಿಯ ಕಬ್ಬಿಣದ ಕುಳ ಮೊಂಡಾಗಿದ್ದರೆ ಕುಲುಮೆಗೆ ಕೊಟ್ಟು ತಟ್ಟಿಸಿ.

ಮಾಂಸಖಂಡ ಊದಿಸುವ ಚಪ್ಪೆರೋಗ ಮತ್ತು ಗಂಟಲು ಊದಿಸುವ ಗಳಲೆರೋಗಕ್ಕೆ ಲಸಿಕೆ ಹಾಕಿಸಿದ್ದೀರಾ? ಮುಂಗಾರು ಹಿಡಿಯುವ ಮೊದಲೇ ಹಾಕಿಸಬೇಕು. ಚಪ್ಪೆರೋಗದ ಸೂಕ್ಷ್ಮಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ, ಮೈತುಂಬಿಕೊಂಡ ಎಳೆಯ ರಾಸುಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ನಿಮ್ಮ ಜೋಡಿ ಇನ್ನೂ ಎಳೆಯದಾಗಿದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಬಣವೆಯ ಮೇಲ್ಪದರ ನೆನೆದು ಬೂಸ್ಟು ಹಿಡಿದಿದ್ದರೆ ಆ ಹುಲ್ಲನ್ನು ತಿಪ್ಪೆಗೆ ಹಾಕಿ, ಎತ್ತುಗಳ ಮುಂದೆ ಹಾಕಬೇಡಿ. ಕೊಟ್ಟಿಗೆಯಲ್ಲಿ ಗಂಜಲ ನಿಲ್ಲದಂತೆ ನೋಡಿಕೊಳ್ಳಿ. ಸದಾ ತೇವದಲ್ಲಿ ನಿಂತರೆ ಗೊರಸು ಮೆತ್ತಗಾಗಿ ಎತ್ತು ಕುಂಟುತ್ತದೆ.

ಹದ ಬಂದ ದಿನ ಬೆಳಿಗ್ಗೆ ಬೇಗ ಹೂಡಿ, ಬಿಸಿಲೇರುವ ಮೊದಲು ಬಿಡಿ. ಎಳ್ಳು ಬಿತ್ತುವುದಾದರೆ ಅದಕ್ಕೆ ಸಣ್ಣ ಮರಳು ಬೆರೆಸಿಕೊಳ್ಳಿ, ಆಗ ಬೀಜ ಒಂದೇ ಕಡೆ ಒತ್ತಾಗಿ ಬೀಳುವುದಿಲ್ಲ.