ಕಸ ಬೀಳುವ ಖಾಲಿ ಸೈಟಿನಲ್ಲಿ ತೋಟ ಮಾಡಿದರೆ ಕೇರಿ ಬದಲಾಗುತ್ತದೆಯೇ?

ಕೂಲಿಕಾರರೇ ಹೆಚ್ಚಿರುವ ನಿಮ್ಮ ಬೀದಿಯಲ್ಲಿ ಕಸ ಸುರಿಯುವ ಸೈಟೊಂದಿದೆ, ಎಲ್ಲರೂ ಸೇರಿ ತೋಟ ಮಾಡಿದರೆ ಪ್ರಯೋಜನ ಉಂಟೇ ಎಂದು ಕೇಳಿದ್ದೀರಿ. ಖಂಡಿತ ಉಂಟು. ಮೊದಲು ಬದಲಾಗುವುದು ಬೀದಿ. ಅಡುಗೆಮನೆಗೆ ಫಲ ಮುಟ್ಟುವುದು ಆಮೇಲೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಪಾಳು ಸೈಟುಗಳ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಸೈಟುಗಳಲ್ಲಿ ಕಸ ತೆಗೆದು, ಹುಲ್ಲು ಹಾಕಿ, ನಾಲ್ಕಾರು ಮರ ನೆಟ್ಟು, ಗಿಡ್ಡನೆಯ ಮರದ ಬೇಲಿ ಕಟ್ಟಿದರು. ಜನ ಒಳಗೆ ಹೋಗಲು ಬೇಲಿಯಲ್ಲಿ ದಾರಿಯನ್ನೂ ಬಿಟ್ಟಿದ್ದರು. ಕಡುಬಡವರ ಪ್ರದೇಶಗಳಲ್ಲಿ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿಯಿತು. ಅಲ್ಲಿ ತರಕಾರಿ ಬೆಳೆದಿರಲಿಲ್ಲ ಎಂಬುದನ್ನು ಗಮನಿಸಿ. ಜಾಗವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಕಂಡರೆ ಕಸ ಸುರಿಯುವವನ ಕೈ ಹಿಂಜರಿಯುತ್ತದೆ. ಅದಕ್ಕೇ ಎತ್ತರದ ಕಾಂಪೌಂಡ್ ಕಟ್ಟಬೇಡಿ.

ಗುದ್ದಲಿ ಹಿಡಿಯುವ ಮುಂಚೆ ಜಾಗದ ಮಾಲೀಕರಿಂದ, ಸರ್ಕಾರಿ ಜಾಗವಾದರೆ ಪಾಲಿಕೆಯಿಂದ, ಕನಿಷ್ಠ ಮೂರು ವರ್ಷಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನ್ಯೂಯಾರ್ಕ್‌ನಲ್ಲಿ ಬಡವರು ವರ್ಷಗಟ್ಟಲೆ ಬೆಳೆಸಿದ್ದ ನೂರಕ್ಕೂ ಹೆಚ್ಚು ತೋಟಗಳನ್ನು ನಗರಾಡಳಿತ 1999ರಲ್ಲಿ ಹರಾಜಿಗಿಟ್ಟಿತು. ಸಂಸ್ಥೆಗಳು ದುಡ್ಡು ಕೂಡಿಸಿ ಕೊಂಡುಕೊಂಡಿದ್ದರಿಂದ ಅವು ಉಳಿದವು. ನಮ್ಮಲ್ಲಿ ಹಾಗೆ ಕೊಳ್ಳಲು ಯಾರು ಬರುತ್ತಾರೆ?

ಆ ಮಣ್ಣಿನಲ್ಲೇ ನೇರವಾಗಿ ಸೊಪ್ಪು ಬೆಳೆಯಬೇಡಿ. ಹಳೆ ಪೇಂಟು, ಒಡೆದ ಬ್ಯಾಟರಿಗಳ ಸೀಸ ಅದರಲ್ಲಿ ಸೇರಿರಬಹುದು. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಎಳೆ ಎಲೆ ಹಳದಿಯಾಗುತ್ತದೆ. ಇಟ್ಟಿಗೆ ಜೋಡಿಸಿ 10 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಮಡಿ ಮಾಡಿ. 4 ಅಡಿಗಿಂತ ಅಗಲವಾದರೆ ನಡುವಿಗೆ ಕೈ ಎಟುಕದೆ ಜನ ಮಡಿಯೊಳಗೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಒಂದು ಮಡಿಗೆ ಸುಮಾರು 1,100 ಲೀಟರ್ ಮಿಶ್ರಣ ಬೇಕು: ಬೇರೆಡೆಯಿಂದ ತಂದ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬೇರು ತಿನ್ನುತ್ತದೆ.

ಮೊದಲ ಬೆಳೆ ಹರಿವೆಯೇ ಇರಲಿ. ಬೀಜ ತೀರಾ ಸಣ್ಣದು, ಮರಳಿನ ಜೊತೆ ಕಲಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ. 25-30 ದಿನಕ್ಕೆ ಕೊಯ್ಲು. ಇಷ್ಟು ಬೇಗ ಕೈಗೆ ಸೊಪ್ಪು ಸಿಕ್ಕರೆ ಅನುಮಾನಪಟ್ಟವರೂ ಜೊತೆಗೂಡುತ್ತಾರೆ. ಎಲ್ಲ ಮಡಿಗೂ ಒಂದೇ ದಿನ ಬಿತ್ತದೆ ವಾರಕ್ಕೊಂದರಂತೆ ಬಿತ್ತಿ.

ತೋಟಗಳು ಸಾಯುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ನೀರಿಲ್ಲದೆ. ಬಿರುಬೇಸಿಗೆಯಲ್ಲಿ ಒಂದು ಮಡಿಗೆ ದಿನಕ್ಕೆ ಸುಮಾರು 20 ಲೀಟರ್ ಬೇಕು. ಕುಡಿಯುವ ನೀರಿಗೇ ಬಿಂದಿಗೆ ಸಾಲು ಹಚ್ಚುವ ಬೀದಿಯಲ್ಲಿ ಆ ನೀರನ್ನು ಗಿಡಕ್ಕೆ ಕೇಳುವುದು ತಪ್ಪು. ಪಕ್ಕದ ಚಾವಣಿಯ ಮಳೆನೀರಿಗೆ ಡ್ರಮ್ ಇಡಿ, ಅಕ್ಕಿ-ತರಕಾರಿ ತೊಳೆದ ನೀರನ್ನು ಮನೆಮನೆಯಿಂದ ತರಿಸಿ, ಬೇಸಿಗೆಯಲ್ಲಿ ಅರ್ಧ ಮಡಿಗಳಿಗೆ ಒಣ ಎಲೆ ಹೊದಿಸಿ ಬಿಡುವು ಕೊಡಿ. ಯಾವ ದಿನ ಯಾರ ಪಾಳಿ ಎಂಬುದನ್ನು ಗೇಟಿನ ಹಲಗೆಯ ಮೇಲೆ ಬರೆಯಿರಿ. ಗೇಟಿನ ಪಕ್ಕದ ಮಡಿಯೊಂದನ್ನು ಯಾರು ಬೇಕಾದರೂ ಕಿತ್ತುಕೊಳ್ಳಲು ಬಿಟ್ಟುಬಿಡಿ. ಉಳಿದ ಮಡಿಗಳ ಜಗಳ ಎಷ್ಟೋ ಕಡಿಮೆಯಾಗುತ್ತದೆ.