ಬಿಸಿಲೇ ಬೀಳದ ಗೋಡೇಲೂ ಫೋಟೋ ಬಣ್ಣ ಯಾಕೆ ಹೋಗುತ್ತೆ?

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ನಾಲ್ಕು ವರ್ಷದ ಹಿಂದೆ ಅಕ್ಕನ ಮದುವೆದು, ಅಜ್ಜಿ ಇದ್ದಾಗಿಂದು ಎಲ್ಲಾ ಸೇರಿಸಿ ಇನ್ನೂರು ಫೋಟೋ ಮನೇಲಿರೋ ಇಂಕ್ ಟ್ಯಾಂಕ್ ಪ್ರಿಂಟರಲ್ಲೇ ಗ್ಲಾಸಿ ಪೇಪರ್ ಹಾಕಿ ಪ್ರಿಂಟ್ ತೆಗ್ದೆ. ಜಗಲೀಲಿ ಬೋರ್ಡಿಗೆ ಪಿನ್ ಹೊಡೆದಿದ್ದು ಎಲ್ಲಾ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಅಲ್ಲಿ ಬಿಸಿಲೇ ಬೀಳಲ್ಲ. ಆಲ್ಬಮ್ಮಲ್ಲಿರೋದರ ಬಣ್ಣ ಚೆನ್ನಾಗೇ ಇದೆ, ಆದ್ರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿಗೆ ಅಂಟ್ಕೊಂಡಿದೆ. ಉಳಿದಿದ್ದನ್ನಾದ್ರೂ ಹೇಗೆ ಉಳಿಸ್ಕೊಳ್ಳೋದು?

ಉತ್ತರ: ನಿಮ್ಮ ಕಾಗದ ಓದಿ ಬೇಜಾರಾಯ್ತು, ನಮ್ಮನೆ ಫ್ರಿಜ್ ಮೇಲೆ ಅಂಟಿಸಿದ್ದ ತಂಗಿ ಫೋಟೋಗೂ ಹಿಂಗೇ ಆಗಿತ್ತು. ಬಿಸಿಲಿಲ್ಲ ಅಂದ್ರಲ್ಲ, ಸುಳಿವು ಅಲ್ಲೇ ಇದೆ. ನಿಮ್ಮ ಫೋಟೋ ತಿಂದಿದ್ದು ಬೆಳಕಿಗಿಂತ ಹೆಚ್ಚಾಗಿ ಗಾಳಿ.

ಮನೇಲಿರೋ ಇಂಕ್ ಟ್ಯಾಂಕ್ ಫೋಟೋ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಡೈ ಇಂಕಿನವು, ಅಂದ್ರೆ ನೀರಲ್ಲಿ ಕರಗಿರೋ ಬಣ್ಣ. ಇನ್ನು ಕೈಗೆ ಬಂದ ತಕ್ಷಣ ಒಣಗಿದಂಗಿರೋ ಗ್ಲಾಸಿ ಪೇಪರ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರ್ತವೆ, ಇಂಕು ಬೇಗ ಇಂಗೋದು ಅದ್ರಿಂದಾನೇ, ಆದ್ರೆ ಅದೇ ತೂತಲ್ಲಿ ಗಾಳೀನೂ ಒಳಗೆ ಹೋಗುತ್ತಲ್ಲ, ಗಾಳೀಲಿರೋ ಓಝೋನ್ ಅನ್ನೋ ಅನಿಲ ಹೋಗಿ ಬಣ್ಣಾನ ಒಡೆಯುತ್ತೆ. ನೀಲಿ, ಅಂದ್ರೆ ಸಯಾನ್, ಹೋಯ್ತು ಅಂದ್ರೆ ಉಳಿಯೋದು ಕೆಂಪು ಹಳದಿ, ಅದಕ್ಕೇ ಮುಖ ಎಲ್ಲಾ ಕಿತ್ತಳೆ. 2000ದಲ್ಲಿ ಎಪ್ಸನ್ ಸ್ಟೈಲಸ್ ಫೋಟೋ 870, 1270 ಪ್ರಿಂಟರ್‌ಗಳು ಬಂದಾಗ ಅಮೆರಿಕದಲ್ಲಿ ಎಷ್ಟೋ ಜನ ಇದನ್ನೇ ನೋಡಿ ಗಾಬರಿಯಾಗಿದ್ರು, ಆವಾಗ್ಲೂ ಕೊನೆಗೆ ಸಿಕ್ಕಿಬಿದ್ದಿದ್ದು ಓಝೋನೇ. ಆಲ್ಬಮ್ಮಲ್ಲಿ ಗಾಳಿ ಆಡ್ಲಿಲ್ಲ, ಹಂಗಾಗಿ ಬಣ್ಣ ಉಳೀತು.

ಹೋದ ಬಣ್ಣ ವಾಪಸ್ ಬರಲ್ಲ. ಕಂಪ್ಯೂಟರಲ್ಲಿ ಫೈಲ್ ಇದ್ರೆ ಅವನ್ನ ಮತ್ತೆ ಪ್ರಿಂಟ್ ಮಾಡ್ಸಿ, ಆದ್ರೆ ಈ ಸಲ ಪಿಗ್ಮೆಂಟ್ ಇಂಕ್ ಇರೋ ಕಡೆ ಮಾಡ್ಸಿ, ಸ್ವಲ್ಪ ದುಡ್ಡು ಜಾಸ್ತಿ ಆಗುತ್ತೆ ಆದ್ರೂ ಅಜ್ಜಿ ಫೋಟೋಗಾದ್ರೂ ಖರ್ಚು ಮಾಡಿ ಅಂತೀನಿ. ಅದರಲ್ಲಿ ಬಣ್ಣ ಕರಗಿರಲ್ಲ, ಸಣ್ಣ ಪುಡಿಯಾಗಿರುತ್ತೆ, ಗಾಳಿಗೂ ತೇವಕ್ಕೂ ಅಷ್ಟು ಬೇಗ ಬಗ್ಗಲ್ಲ.

ಪ್ರಿಂಟ್ ಬಂದ ದಿನಾನೇ ಫ್ರೇಮಿಗೆ ಹಾಕ್ಬೇಡಿ. ಮುಟ್ಟಿದ್ರೆ ಒಣಗಿದಂಗಿದ್ರೂ ಇಂಕಲ್ಲಿರೋ ಗ್ಲೈಕಾಲ್ ಥರದ ದ್ರವ ನಿಧಾನಕ್ಕೆ ಆರ್ತಿರುತ್ತೆ, ಆಮೇಲೆ ಗಾಜಿನ ಒಳಗಡೆ ಮಂಜು ಹಿಡಿದಂಗಾಗುತ್ತೆ. ಪ್ರಿಂಟಿನ ಮೇಲೆ ಬಿಳಿ ಹಾಳೆ ಇಟ್ಟು ಕಮ್ಮಿ ಅಂದ್ರೂ 24 ಗಂಟೆ ಬಿಡಿ, ನಿಮ್ಮ ಕಡೆ ಮಳೆಗಾಲದಲ್ಲಾದ್ರೆ ಇನ್ನೂ ಒಂದೆರಡು ದಿನ, ಮಧ್ಯೆ ಹಾಳೆ ಬದಲಾಯಿಸ್ತಾ ಇರಿ. ಫ್ರೇಮಲ್ಲಿ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್, ಅಂದ್ರೆ ಫೋಟೋ ಸುತ್ತ ಅಂಚಿಗೆ ಬರೋ ದಪ್ಪ ರಟ್ಟು, ಇರ್ಲೇಬೇಕು, ಇಲ್ಲಾಂದ್ರೆ ತೇವಕ್ಕೆ ಎರಡೂ ಒಂದಾಗ್ಬಿಡ್ತವೆ. ಆಸಿಡ್ ಫ್ರೀ ಬೋರ್ಡೇ ಬೇಕು ಅಂತ ಫ್ರೇಮ್ ಅಂಗಡಿಯವರಿಗೆ ಬಾಯಿಬಿಟ್ಟು ಕೇಳಿ.

ಈಗ ಅಂಟ್ಕೊಂಡಿರೋ ಫೋಟೋ. ದಯವಿಟ್ಟು ಕೀಳಬೇಡಿ, ನೀರಂತೂ ಹಾಕ್ಲೇಬೇಡಿ, ಡೈ ಇಂಕು ಹರಡುತ್ತೆ. ಆ ಪುಟಾನ ಪ್ಲಾಸ್ಟಿಕ್ ಸಮೇತ ಮೊದ್ಲು ಸ್ಕ್ಯಾನ್ ಮಾಡ್ಕೊಳ್ಳಿ, ಆಮೇಲೆ ಬೇಸಿಗೇಲಿ ಎಲ್ಲಾ ಚೆನ್ನಾಗಿ ಒಣಗಿದ್ಮೇಲೆ ಮೂಲೆಯಿಂದ ನಿಧಾನಕ್ಕೆ ಒಂದು ಪ್ರಯತ್ನ ಮಾಡಿ, ಬರ್ಲಿಲ್ಲ ಅಂದ್ರೆ ಹಂಗೇ ಬಿಡಿ. ಹೊಸ ಆಲ್ಬಮ್ ತಗೊಳ್ಳುವಾಗ ಮೂಸಿ ನೋಡಿ, ಹೊಸ ರೆಕ್ಸಿನ್ ಥರ ಘಾಟು ವಾಸನೆ ಬಂದ್ರೆ ಪಿವಿಸಿ ಪ್ಲಾಸ್ಟಿಕ್ ಇರ್ಬೋದು, ಬೇಡ. ಪಾಲಿಪ್ರೊಪಿಲೀನ್ ಅಂತ ಬರೆದಿರೋ ಕವರ್ ಸಾಕು. ಗೋಂದು ಹಚ್ಚಿದ ಪುಟದ ಮೇಲೆ ಫೋಟೋ ಕೂರಿಸಿ ಪ್ಲಾಸ್ಟಿಕ್ ಮುಚ್ಚೋ ಆಲ್ಬಮ್ ಬರ್ತಿತ್ತಲ್ಲ, ಅದನ್ನಂತೂ ತಗೋಬೇಡಿ.

ಎಲ್ಲಿಡೋದು ಅಂದ್ರೆ ಅಟ್ಟದ ಮೇಲೆ ಬೇಡ, ಶೆಕೆ. ಹೊರಗೋಡೆಗೆ ಆನಿಸಿದ ಕಪಾಟೂ ಬೇಡ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತೆ. ಒಳಕೋಣೆ ಸ್ಟೀಲ್ ಬೀರು ಒಳ್ಳೇದು. ಬಿಗಿ ಮುಚ್ಚಳದ ಡಬ್ಬೀಲಿ, ತೇವ ಹೀರಿ ಬಣ್ಣ ಬದಲಾಯಿಸೋ ಥರದ ಸಿಲಿಕಾ ಜೆಲ್ ಹರಳಿನ ಜೊತೆ ಇಟ್ಟು, ಬಣ್ಣ ಬದಲಾದಾಗ ಜೆಲ್ ಬದಲಾಯಿಸಿ. ಒಳಗೆ ತೇವಾಂಶ ಶೇಕಡಾ 30ರಿಂದ 50ರೊಳಗಿದ್ರೆ ಒಳ್ಳೇದು, ಅಳೆಯೋ ಸಣ್ಣ ಮೀಟರ್ ಸಿಗುತ್ತೆ. ಬೆಳ್ಳಿಮೀನು ಹುಳಕ್ಕೆ ಅಂತ ನುಸಿಗುಳಿಗೆ ಮಾತ್ರ ಹಾಕ್ಬೇಡಿ, ಅದರ ಆವಿ ಫೋಟೋಗೂ ಪ್ಲಾಸ್ಟಿಕ್ಕಿಗೂ ಆಗಲ್ಲ.

ಪ್ರಶ್ನೆ: ಲ್ಯಾಮಿನೇಷನ್ ಮಾಡಿಸಿದ್ರೆ ಆಗಲ್ವಾ? ನಮ್ದು ಜೆರಾಕ್ಸ್ ಅಂಗಡಿ, ಮೆಷಿನ್ ನಮ್ಮಲ್ಲೇ ಇದೆ. (ಹುಬ್ಬಳ್ಳಿಯಿಂದ ಒಬ್ಬರು)

ಉತ್ತರ: ಗಾಳಿ ತಡೆಯುತ್ತೆ, ನಿಜ. ಆದ್ರೆ ಬಿಸಿ ಲ್ಯಾಮಿನೇಷನ್ ಒಮ್ಮೆ ಮಾಡಿದ್ರೆ ವಾಪಸ್ ಬಿಚ್ಚೋಕಾಗಲ್ಲ, ಹಂಗಾಗಿ ಒಂದೇ ಕಾಪಿ ಇರೋದಕ್ಕೆ ಬೇಡ, ಗೋಡೆಗೆ ಹಾಕೋ ಇನ್ನೊಂದು ಕಾಪಿಗೆ ಮಾಡ್ಕೊಳ್ಳಿ. ಅದಕ್ಕಿಂತ ಮುಖ್ಯ, ಫೋಟೋಗಳನ್ನ ಅಂಗಡೀಲಿ ಇಟ್ಕೋಬೇಡಿ, ಜೆರಾಕ್ಸ್ ಮೆಷಿನ್ನಿಂದಾನೂ ಓಝೋನ್ ಬರುತ್ತೆ. ಮನೆಗೆ ತಗೊಂಡ್ಹೋಗಿ.