ಕೂರಲಾಗದವರಿಗೆ ನಡೆಯುವ ಧ್ಯಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಣ್ಣು ಮುಚ್ಚಿ ಕೂತರೆ ಹತ್ತೇ ನಿಮಿಷಕ್ಕೆ ತೂಕಡಿಕೆ, ಇಲ್ಲವೇ ಮೊಣಕಾಲು ನೋವು. ಸಂಜೆ ನಮ್ಮೂರಿನ ‘ಅಪ್ಪನ ಕೆರೆ’ಯ ಹತ್ತಿರ ಹೇಗೂ ವಾಕಿಂಗ್ ಹೋಗುತ್ತೇನೆ. ಅದನ್ನೇ ಧ್ಯಾನ ಮಾಡಿಕೊಳ್ಳಬಹುದೆ? ಕ್ರಮ ತಿಳಿಸಿ.
– ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಮಾಡಿಕೊಳ್ಳಬಹುದು. ಆದರೆ ಮೊದಲ ಕೆಲವು ವಾರ ಕೆರೆಯ ಕಡೆ ಬೇಡ. ಅಲ್ಲಿ ಪರಿಚಯದವರು ಸಿಗುತ್ತಾರೆ, ‘ಏನ್ರೀ ಸರ್, ಆರಾಮ್ ಅದೀರಿ?’ ಅನ್ನುತ್ತಾರೆ, ಮಾತಾಡದೆ ಮುಂದೆ ಹೋದರೆ ತಪ್ಪು ತಿಳಿಯುತ್ತಾರೆ. ಮನೆಯ ಮಾಳಿಗೆ ಸಾಕು. ಹದಿನೈದರಿಂದ ಇಪ್ಪತ್ತು ಹೆಜ್ಜೆಯ ನೇರ ದಾರಿ ಗುರುತಿಸಿಕೊಳ್ಳಿ. ಅದಕ್ಕಿಂತ ಗಿಡ್ಡವಾದರೆ ತಿರುಗುವುದೇ ಕೆಲಸವಾಗುತ್ತದೆ. ದುಂಡಗೆ ಸುತ್ತುವುದೂ ಬೇಡ. ಹೋಗಿ ಬರುವ ದಾರಿಗೆ ಕೊನೆ ಎಂಬುದಿರುತ್ತದೆ, ಅಲ್ಲಿ ನಿಲ್ಲಲೇಬೇಕು, ನಿಂತಾಗಲೇ ಮನಸ್ಸು ಎಲ್ಲಿಗೆ ಹೋಗಿತ್ತು ಎಂದು ಗೊತ್ತಾಗುವುದು.

ಮೊದಲ ಐದು ನಿಮಿಷ ದಿನದ ವೇಗದಲ್ಲೇ ನಡೆಯಿರಿ. ಗಮನ ಅಂಗಾಲಿನ ಮೇಲಿರಲಿ: ಹಿಮ್ಮಡಿ ತಗುಲಿತು, ಭಾರ ಮುಂದೆ ಸರಿಯಿತು, ಬೆರಳು ನೆಲ ಬಿಟ್ಟಿತು. ಆಮೇಲೆ ವೇಗ ಅರ್ಧಕ್ಕೆ ಇಳಿಸಿ, ಪ್ರತಿ ಹೆಜ್ಜೆಯನ್ನು ಎತ್ತುವುದು, ಮುಂದೆ ಒಯ್ಯುವುದು, ಊರುವುದು ಎಂದು ಮೂರು ಭಾಗವಾಗಿ ಗಮನಿಸಿ. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ ಕಲಿಸಿದ ಪದ್ಧತಿಯಲ್ಲಿ ಹೀಗೆ ಮನಸ್ಸಿನಲ್ಲೇ ಹೆಸರಿಟ್ಟು ನಡೆಯುತ್ತಾರೆ. ಹೆಸರು ಮೆತ್ತಗಿರಲಿ, ಕವಾಯತಿನ ಲೆಫ್ಟ್-ರೈಟ್ ಆಗುವುದು ಬೇಡ. ಕೊನೆ ಮುಟ್ಟಿದಾಗ ಎರಡು ಉಸಿರು ಸುಮ್ಮನೆ ನಿಂತು ತಿರುಗಿ. ಹೆಚ್ಚಿನವರ ಗಮನ ಜಾರುವುದು ಈ ತಿರುವಿನಲ್ಲೇ. ಆದ್ದರಿಂದ ತಿರುಗುವಾಗಿನ ಮೂರು ನಾಲ್ಕು ಪುಟ್ಟ ಹೆಜ್ಜೆಗಳನ್ನೂ ಬಿಡಬೇಡಿ. ಶುರುವಿಗೆ ಒಟ್ಟು ಇಪ್ಪತ್ತು ನಿಮಿಷ ಸಾಕು.

ನಿಧಾನವಾಗಿ ನಡೆದರೆ ಜೋಲಿ ಹೊಡೆಯುತ್ತದೆ ಎಂಬುದು ಎಲ್ಲರ ದೂರು. ವೇಗ ಇಳಿದಷ್ಟೂ ದೇಹ ಒಂಟಿ ಕಾಲಿನ ಮೇಲೆ ನಿಲ್ಲುವ ಹೊತ್ತು ಹೆಚ್ಚುತ್ತದೆ, ಅದಕ್ಕೇ ಹಾಗಾಗುವುದು. ಹೆಜ್ಜೆ ಗಿಡ್ಡ ಮಾಡಿ. ಪಾದಗಳನ್ನು ಒಂದೇ ಗೆರೆಯ ಮೇಲೆ ಇಡದೆ ನಡುವೆ ಒಂದು ಗೇಣು ಬಿಡಿ. ಕತ್ತು ನೋಯುತ್ತಿದ್ದರೆ ನೀವು ಪಾದವನ್ನೇ ನೋಡುತ್ತಿದ್ದೀರಿ ಎಂದರ್ಥ. ಪಾದವನ್ನು ತಿಳಿಯಬೇಕು, ನೋಡಬೇಕಿಲ್ಲ. ಕಣ್ಣು ಐದಾರು ಅಡಿ ಮುಂದಿನ ನೆಲದ ಮೇಲಿರಲಿ. ಮನಸ್ಸು ಆಫೀಸಿಗೆ ಹೋದರೆ ಬೈದುಕೊಳ್ಳದೆ ಮುಂದಿನ ಹೆಜ್ಜೆಗೆ ಬನ್ನಿ. ಪದೇ ಪದೇ ಹೋಗುತ್ತಿದ್ದರೆ ನಿಧಾನಿಸಬೇಡಿ, ವೇಗ ಹೆಚ್ಚಿಸಿ. ಚಡಪಡಿಸುವ ಮನಸ್ಸಿಗೆ ಮಂದ ನಡಿಗೆ ಹಿಂಸೆ.

ಪ್ರಶ್ನೆ: ಇದು ಈಚೆಗೆ ಪರದೇಶದಿಂದ ಬಂದ ಫ್ಯಾಶನ್ ಅಲ್ಲವೆ?
– ಕಾಲೇಜು ವಿದ್ಯಾರ್ಥಿ, ಚಿತ್ತಾಪುರ

ಉತ್ತರ: ಅಲ್ಲ. ಬೌದ್ಧ ಭಿಕ್ಷುಗಳ ಚಂಕ್ರಮಣ ಇದೇ. ಪಾಳಿ ಭಾಷೆಯ ಬೌದ್ಧ ಗ್ರಂಥ ಅಂಗುತ್ತರ ನಿಕಾಯ ಇದಕ್ಕೆ ಐದು ಫಲ ಹೇಳುತ್ತದೆ: ದೂರ ನಡೆಯುವ ತಾಳಿಕೆ, ಸಾಧನೆಯ ಕಸುವು, ಆರೋಗ್ಯ, ಉಂಡದ್ದು ಚೆನ್ನಾಗಿ ಅರಗುವುದು, ಮತ್ತು ಈ ನಡಿಗೆಯಿಂದ ಬಂದ ಏಕಾಗ್ರತೆ ಬಹುಕಾಲ ನಿಲ್ಲುವುದು. ನಾಲ್ಕನೆಯದು ಬಹಳ ಲೌಕಿಕವಾಗಿದೆ, ಅದಕ್ಕೇ ನಂಬಿಕೆ ಬರುತ್ತದೆ. ನಿಮ್ಮದೇ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವಿರುವ ಸ್ತೂಪ ಸಿಕ್ಕಿದೆ. ಪರದೇಶದ ಮಾತು ಅದನ್ನು ನೋಡಿ ಬಂದಮೇಲೆ ಆಡೋಣ.

ಪ್ರಶ್ನೆ: ನಮಗ ಮಾಳಿಗಿ ಮ್ಯಾಲ ತಿರುಗಾಡ್ಲಾಕ ಪುರುಸೊತ್ತೆಲ್ಲದರಿ? ದಿನಾ ಮುಂಜಾನಿ ಇಪ್ಪತ್ತು ರೊಟ್ಟಿ ಬಡೀತೀನಿ. ಕೈ ತನ್ನಷ್ಟಕ್ಕ ಬಡೀತದ, ತಲಿಯೊಳಗ ನಿನ್ನಿ ಜಗಳ ನಡದಿರ್ತದ. ಅದ್ರಾಗ ಧ್ಯಾನ ಆಗ್ತದೇನ್ರಿ?
– ಗೃಹಿಣಿ, ಆಳಂದ

ಉತ್ತರ: ಆಗುತ್ತದೆ ತಾಯಿ. ಮನಸ್ಸು ತಪ್ಪಿದ್ದನ್ನು ಇಷ್ಟು ಬೇಗ ಹೇಳಿಕೊಡುವ ಕೆಲಸ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಇಪ್ಪತ್ತಕ್ಕೂ ಒಮ್ಮೆಲೇ ಹೋಗಬೇಡಿ. ಮೊದಲ ವಾರ ಮೊದಲ ಮೂರು ರೊಟ್ಟಿ ಮಾತ್ರ, ಉಳಿದವನ್ನು ರೂಢಿಯಂತೆ ಬಡಿಯಿರಿ.

ಹಿಟ್ಟು ನಾದುವಾಗ ಗಮನ ಅಂಗೈಯ ಬುಡದಲ್ಲಿರಲಿ, ಒತ್ತುವುದು ಅದೇ ತಾನೆ. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟಿಲ್ಲ, ಎಸರಿನ ಬಿಸಿಗೆ ಹಿಟ್ಟು ಬೆಂದು ಅಂಟು ಬಿಡುವುದರಿಂದಲೇ ರೊಟ್ಟಿ ನಿಲ್ಲುವುದು. ಹಾಗಾಗಿ ಉರುಟು ಹಿಟ್ಟು ನುಣುಪಾಗಿ, ಬಿಸಿ ಹೋಗಿ ಬೆಚ್ಚಗಾಗುವ ತನಕದ ಬದಲಾವಣೆ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದನ್ನು ಹಿಡಿಯಿರಿ. ಬಡಿಯುವಾಗ ಗಮನವನ್ನು ರೊಟ್ಟಿಯ ಅಂಚಿಗೆ ತನ್ನಿ. ಒಂದು ಕೈ ಬಡಿಯುತ್ತದೆ, ಇನ್ನೊಂದು ಅಂಚು ಕಾಯುತ್ತದೆ, ರೊಟ್ಟಿ ತಾನೇ ತಿರುಗುತ್ತದೆ. ತೆಳ್ಳಗಾದಂತೆ ಸಪ್ಪಳವೂ ಬದಲಾಗುತ್ತದೆ, ಕಿವಿ ಅಲ್ಲಿರಲಿ. ಜಗಳ ನೆನಪಾಯಿತೋ, ಪೆಟ್ಟು ಒಂದೇ ಕಡೆ ಬೀಳುತ್ತದೆ, ಒಂದು ಬದಿ ದಪ್ಪ ಉಳಿಯುತ್ತದೆ, ಅಂಚು ಸೀಳುತ್ತದೆ. ಸೀಳಿದ ರೊಟ್ಟಿ ಹಂಚಿನ ಮೇಲೆ ಉಬ್ಬುವುದಿಲ್ಲ, ಆವಿ ಸೀಳಿನಲ್ಲೇ ಹೊರಗೆ ಹೋಗುತ್ತದೆ. ಆದರೆ ಎಲ್ಲ ತಪ್ಪನ್ನೂ ಮನಸ್ಸಿನ ಮೇಲೆ ಹೊರಿಸಬೇಡಿ. ಹಿಟ್ಟು ಹಳೆಯದಾಗಿದ್ದರೂ, ಎಸರು ಆರಿದ್ದರೂ ರೊಟ್ಟಿ ಒಡೆಯುತ್ತದೆ.

ಎರಡು ಮಾತು ಕಡ್ಡಾಯ. ಹಂಚಿನ ಮುಂದೆ ಉಸಿರಾಟದ ಮೇಲೆ ಗಮನ ಇಡಬೇಡಿ, ಬೆಂಕಿಯ ಹತ್ತಿರ ಗಮನ ಕೈ ಮತ್ತು ಸೆರಗಿನ ಮೇಲೇ ಇರಬೇಕು. ರೊಟ್ಟಿಗೆ ನೀರು ಸವರಿ ತಿರುವಿ ಹಾಕುವಾಗ ಬರೀ ತಿರುವಿ ಹಾಕಿ. ಇನ್ನು ತೊಗರಿ ಹಸನು ಮಾಡುವುದು, ಮೊರದಲ್ಲಿ ಕೇರುವುದು ಕೂಡ ಇದಕ್ಕೆ ಒಗ್ಗುವ ಕೆಲಸಗಳೇ. ಪಾತ್ರೆ ತಿಕ್ಕುವುದು ಮಾತ್ರ ಮೊದಲಿಗೆ ಕಷ್ಟ, ಮುಗಿದರೆ ಸಾಕು ಎಂಬ ಆತುರವೇ ಮುಂದೆ ಇರುತ್ತದೆ.

ಪ್ರಶ್ನೆ: ನನಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಡಾಕ್ಟರು ಜೋರಾಗಿ ನಡೆಯಿರಿ ಎಂದಿದ್ದಾರೆ, ಧ್ಯಾನದವರು ನಿಧಾನ, ಬರಿಗಾಲು ಎನ್ನುತ್ತಾರೆ. ಯಾರ ಮಾತು ಕೇಳಲಿ? ಬೆಳಿಗ್ಗೆ ಕೋಟೆಯ ಕಡೆ ಹೋಗುತ್ತೇನೆ.
– ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ಡಾಕ್ಟರ ಮಾತು ಕೇಳಿ ಸರ್. ನಿಧಾನ ನಡಿಗೆ ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಲು ಬರಬೇಕು ಆದರೆ ಹಾಡಲು ಉಸಿರು ಸಾಲಬಾರದು ಎನ್ನುವಷ್ಟು ಬಿರುಸಿನ ನಡಿಗೆ ಬೇಕು. ಆ ಬಿರುಸಿನಲ್ಲೂ ಗಮನ ಇಡಬಹುದು. ಹೆಜ್ಜೆಯ ಭಾಗಗಳನ್ನು ಬಿಟ್ಟು ಲಯ ಹಿಡಿಯಿರಿ. ಉಸಿರು ಒಳಗೆ ಹೋಗುವಾಗ ಎಷ್ಟು ಹೆಜ್ಜೆ, ಹೊರಗೆ ಬರುವಾಗ ಎಷ್ಟು ಎಂದು ಎಣಿಸಿ. ಮೂರಕ್ಕೆ ಮೂರಿರಲಿ, ಮೂರಕ್ಕೆ ನಾಲ್ಕಿರಲಿ, ಬಂದದ್ದನ್ನು ಎಣಿಸಿ, ಎಣಿಕೆಗಾಗಿ ಉಸಿರು ಎಳೆಯಬೇಡಿ. ಉಸಿರು ಹಿಡಿಯುವುದಂತೂ ಬೇಡವೇ ಬೇಡ. ಕೊನೆಯ ಹತ್ತು ನಿಮಿಷ ದೇಹ ತಣಿಯಲು ಹೇಗೂ ನಿಧಾನಿಸುತ್ತೀರಿ, ಅಂಗಾಲಿನ ಧ್ಯಾನ ಆಗ ಮಾಡಿ.

ಬರಿಗಾಲು ನಿಮಗೆ ಸಲ್ಲದು. ಬಹಳ ವರ್ಷದ ಸಕ್ಕರೆಯಲ್ಲಿ ಪಾದದ ಸ್ಪರ್ಶ ಮಂದವಾಗಬಹುದು, ಜಾಲಿ ಮುಳ್ಳು ಚುಚ್ಚಿದ್ದು, ಕಾದ ಕಲ್ಲು ಸುಟ್ಟದ್ದು ಗೊತ್ತಾಗದೆ ಗಾಯ ಕೀವಾಗುತ್ತದೆ. ಬೂಟು, ಕಾಲುಚೀಲ ಇರಲಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ. ಅಂಗಾಲು ತಿಳಿಯದಿದ್ದರೆ ಗಮನವನ್ನು ಮೊಣಕಾಲು ಮಡಚುವುದಕ್ಕೋ ಭಾರ ಎಡಕ್ಕೆ ಬಲಕ್ಕೆ ಸರಿಯುವುದಕ್ಕೋ ಬದಲಿಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ನಡೆಯುವಾಗ ತಣ್ಣನೆ ಬೆವರು, ನಡುಕ, ತಲೆ ಖಾಲಿಯಾದಂತೆ ಅನಿಸಿದರೆ ಅದನ್ನು ಧ್ಯಾನದ ಅನುಭವ ಎಂದುಕೊಳ್ಳಬೇಡಿ. ಅದು ಸಕ್ಕರೆ ಇಳಿದ ಲಕ್ಷಣ. ಕೂತುಕೊಳ್ಳಿ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ತಿನ್ನಿ. ಜೇಬಿನಲ್ಲಿ ಸದಾ ಇರಲಿ.

ಪ್ರಶ್ನೆ: ನಾವು ಹೊಲದಾಗ ದುಡಿಯೋರು. ಕಾಯಕವೇ ಕೈಲಾಸ ಅಂತಾರಲ್ಲ, ನಮಗ ಬ್ಯಾರೆ ಧ್ಯಾನ ಯಾಕ ಬೇಕು?
– ರೈತರು, ಶಹಾಪುರ

ಉತ್ತರ: ಬೇಕೇಬೇಕು ಎಂದೇನಿಲ್ಲ. ಆದರೆ ದಿನವಿಡೀ ಕಳೆ ಕಿತ್ತ ಮಾತ್ರಕ್ಕೆ ಮನಸ್ಸು ತಂತಾನೇ ಕೆಲಸದಲ್ಲಿರುತ್ತದೆ ಎಂಬುದೂ ನಿಜವಲ್ಲ, ಸಾಲದ ಕಂತು, ಕಾಲುವೆ ನೀರಿನ ಸರದಿ ಎಲ್ಲ ಜತೆಗೇ ಬರುತ್ತವೆ. ಪ್ರತಿ ಸಾಲು ಶುರು ಮಾಡುವ ಮುನ್ನ ಸೊಂಟ ನೆಟ್ಟಗೆ ಮಾಡಿ ಮೂರು ಉಸಿರು ನಿಲ್ಲಿ. ಮೊದಲ ಹತ್ತು ಗಿಡದವರೆಗೆ ಕುರ್ಪಿ ಮಣ್ಣಿಗೆ ಇಳಿಯುವ ಒತ್ತಡ, ಬೇರು ಬಿಟ್ಟಾಗ ಕೈ ಹಗುರಾಗುವುದು, ಇಷ್ಟನ್ನೇ ಗಮನಿಸಿ. ಬೇರು ಕಡಿದು ತುಂಡಾದರೆ ಅವಸರ ಮಾಡಿದಿರಿ ಎಂದು ಅಲ್ಲೇ ಗೊತ್ತಾಗುತ್ತದೆ. ಬುತ್ತಿ ಬಿಚ್ಚಿದಾಗ ಮೊದಲ ಐದು ತುತ್ತು ಮಾತಿಲ್ಲದೆ ಉಣ್ಣಿ.

ಔಷಧಿ ಹೊಡೆಯುವಾಗ, ಟ್ರ್ಯಾಕ್ಟರ್ ಮತ್ತು ಬೈಕ್ ಮೇಲೆ, ರಾಶಿ ಮಾಡುವ ಯಂತ್ರದ ಹತ್ತಿರ ಈ ಅಭ್ಯಾಸ ಬೇಡ, ಅಲ್ಲಿ ಗಮನ ಪೂರ್ತಿ ಹೊರಗಿರಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ತಲೆ ಸುತ್ತಿದರೆ, ವಾಂತಿ ಬಂದಂತಾದರೆ ತಕ್ಷಣ ಕೆಲಸ ಬಿಟ್ಟು ನೆರಳಿಗೆ ಹೋಗಿ, ಮೈಗೆ ನೀರು ಹಾಕಿಕೊಂಡು ಗಾಳಿ ಬೀಸಿಕೊಳ್ಳಿ, ಎಚ್ಚರ ಚೆನ್ನಾಗಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಮಾತು ತೊದಲಿದರೆ ಮನೆಮದ್ದು ಬೇಡ, ಆಸ್ಪತ್ರೆಗೇ ಒಯ್ಯಬೇಕು.